ಅಕ್ಕನ ಕಾರಿಗೆ ದರ್ಜಿಯ ಕೈ

ಅಕ್ಕಾ,

ನಿನ್ನ ಮೊಂಡು ತಂಗಿಯ ನಮಸ್ಕಾರ. ಫೋನಿನಲ್ಲಿ ಕಾರಿನ ಮಾತು ತೆಗೆದರೆ ಸಾಕು, "ಒಲೆ ಮೇಲೆ ಹಾಲಿದೆ ಕಣೇ" ಎಂದು ಇಟ್ಟುಬಿಡುತ್ತೀಯ. ಇಷ್ಟು ಹೊತ್ತಿಗೆ ಅಣ್ಣನ ಮನೆಯ ಹಾಲೆಲ್ಲ ಉಕ್ಕಿ ಹೋಗಿರಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ಅಡ್ಡ ಬಂದ ಸೈಕಲ್ಲಿನವನನ್ನು ಉಳಿಸಲು ನೀನು ಕಾರನ್ನು ಗೋಡೆಗೆ ಉಜ್ಜಿಸಿ ಎಡಗಡೆಯ ಬಾಗಿಲು ನೆಗ್ಗಿಸಿದೆ. ಅವನಿಗೆ ಒಂದು ಗೀರೂ ಆಗಲಿಲ್ಲ. ದಿನಾ ಕಾರಿನಲ್ಲಿ ಬಿಟ್ಟುಬರುವ ಶಾಲೆಯ ಮಕ್ಕಳನ್ನೆಲ್ಲ ನೀನು ಆಗಲೇ ಇಳಿಸಿ ಬಂದಿದ್ದೆ. ಆದರೂ ಕಾರಿನ ಕೀಲಿಯನ್ನು ನನ್ನ ಹೊಲಿಗೆ ಯಂತ್ರದ ಮೇಲಿಟ್ಟು, "ಆ ಬಾಗಿಲ ಹತ್ರ ಒಂದು ಮಗು ಕೂತಿದ್ದಿದ್ರೆ? ಇನ್ನು ನಾನು ಸ್ಟೇರಿಂಗ್ ಮುಟ್ಟಲ್ಲ. ಸರಿ ಮಾಡ್ಸಿ ಮಾರ್ಬಿಡು" ಎಂದು ಅಣ್ಣನ ಮನೆಗೆ ಹೊರಟುಹೋದೆ. ನೀನು ಇನ್ನು ಕಾರು ಓಡಿಸುವುದೇ ಇಲ್ಲವೇನೋ ಎಂದು ನನಗೆ ಅಂದೇ ಭಯವಾಯಿತು.

ಗ್ಯಾರೇಜಿಗೆ ಕೊಡಲು ಮನಸ್ಸಾಗಲಿಲ್ಲ. ಬಟ್ಟೆಯ ಸುಕ್ಕು ಬಿಡಿಸುವವಳಿಗೆ ತಗಡು ಯಾವ ಮಹಾ ಎಂದುಕೊಂಡೆ. ಬಾಗಿಲಿನ ಒಳಹೊದಿಕೆ ಬಿಚ್ಚಿ, ನೆಗ್ಗಿದ ಕಡೆಯನ್ನು ಒಳಗಿನಿಂದ ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದೆ. ನಮ್ಮ ಮನೆಯವರು ಹೊರಗಿನಿಂದ ಹಲಗೆ ಒತ್ತಿ ಹಿಡಿದಿದ್ದರು. ಉಳಿದ ತಗ್ಗಿಗೆ ಪುಟ್ಟಿ ಬಳಿಯಬೇಕು. ತೆಳ್ಳಗೆ, ಪದರ ಪದರವಾಗಿ ಎಂದು ಬಣ್ಣದಂಗಡಿಯವರು ಹೇಳಿಯೇ ಇದ್ದರು. ಹೊಲಿಗೆಯವಳ ಬುದ್ಧಿ ಎಲ್ಲಿ ಹೋಗುತ್ತದೆ? ಬೆಳೆಯುವ ಮಕ್ಕಳ ಅಂಗಿಗೆ ಒಳಗೆ ಬಟ್ಟೆ ಬಿಡುವ ಹಾಗೆ, ಹೆಚ್ಚಿಗೆ ಇರಲಿ ಎಂದು ಧಾರಾಳವಾಗಿ ಮೆತ್ತಿದೆ. ಮರುದಿನ ಉಜ್ಜಲು ಕೂತರೆ ಇಡೀ ಹೆಂಟೆ ಕಳಚಿ ನನ್ನ ಕಾಲ ಮೇಲೆ ಬಿತ್ತು. "ಕಾರು ಬೆಳೆಯುತ್ತೆ ಅಂತ ನಿಂಗ್ಯಾರು ಹೇಳಿದ್ರು?" ಎಂದು ಇವರು ಬಿದ್ದು ಬಿದ್ದು ನಕ್ಕರು. ಮುಖ ಊದಿಸಿಕೊಂಡು ಕೂತವಳಿಗೆ ನನಗೂ ನಗು ತಡೆಯಲಾಗಲಿಲ್ಲ.

ಮತ್ತೆ ಮೊದಲಿನಿಂದ ಶುರು, ಈ ಸಲ ಪುಟ್ಟಿ ತೆಳ್ಳಗೆ. ಎಮರಿ ಪೇಪರನ್ನು ಮರದ ತುಂಡಿಗೆ ಸುತ್ತಿ, ನೀರು ಹಾಕಿ ಹಾಕಿ ಉಜ್ಜಿದೆ. ಕಣ್ಣು ಮುಚ್ಚಿ ಅಂಗೈ ಆಡಿಸಿದಾಗ ಎಡವಿದ ಕಡೆಗೆಲ್ಲ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೆರೆ ಎಳೆದೆ. ಕೈಗೆ ಎಲ್ಲೂ ಏನೂ ಸಿಗದಾಗ ಬಣ್ಣ ಹಿಡಿಯಲೆಂದು ಮೊದಲು ಪ್ರೈಮರ್ ಹೊಡೆದೆ. ಗಾಳಿಯಿಲ್ಲದ ಒಂದು ಬೆಳಿಗ್ಗೆ ಗಾಜಿಗೆಲ್ಲ ಹಳೆ ಪೇಪರು ಅಂಟಿಸಿ, ಧೂಳು ಏಳದಂತೆ ನೆಲಕ್ಕೆ ನೀರು ಚಿಮುಕಿಸಿ ಬಣ್ಣ ಹೊಡೆದೆ. ಆ ಒಂದು ಗಂಟೆ ನನಗೆ ಬೇರೆ ಯಾವ ಯೋಚನೆಯೂ ಬರಲಿಲ್ಲ. ಇವರ ಕನ್ನಡಕ ಮಾತ್ರ ಪೂರ್ತಿ ನೀಲಿಯಾಯಿತು.

ನಿಜ ಹೇಳಬೇಕೆಂದರೆ ಬಣ್ಣ ಹೊಂದಿಲ್ಲ. ಉಳಿದ ಕಾರು ಬಿಸಿಲಿಗೆ ಮಾಸಿದೆ, ಈ ಬಾಗಿಲೊಂದೇ ಹಳೆ ಅಂಗಿಗೆ ಹೊಸ ತೋಳು ಹಚ್ಚಿದಂತಿದೆ. ನನಗೇನೋ ಚೆನ್ನಾಗಿಯೇ ಕಾಣುತ್ತದೆ.

ಭಾನುವಾರ ಕಾರು ಕೊಳ್ಳುವವರೊಬ್ಬರು ಬಂದಿದ್ದರು. ಒಳ್ಳೆಯ ಮನುಷ್ಯ, ನೀಳಕಾಯ. ಬಾಗಿಲು ಸವರಿ "ಕೆಲಸ ಚೆನ್ನಾಗಿದೆಯಮ್ಮ" ಎಂದಾಗ ಹಿಗ್ಗಿಹೋದೆ. ಆಮೇಲೆ ಓಡಿಸಿ ನೋಡಲು ಒಳಗೆ ಕೂತರು. ಮೊಣಕಾಲು ಸ್ಟೇರಿಂಗಿಗೆ ತಾಗಿತು. ಸೀಟನ್ನು ಹಿಂದೆ ಸರಿಸಲು ಕೆಳಗಿನ ಹಿಡಿಗೆ ಕೈ ಹಾಕಿದರು. ಅಕ್ಕಾ, ಸೀಟು ಇನ್ನೂ ನಿನ್ನ ಗಿಡ್ಡ ಕಾಲಿನ ಅಳತೆಗೇ ಇತ್ತು. ಅದೊಂದು ಸರಿದರೆ ನೀನು ವಾಪಸ್ ಬರುವುದೇ ಇಲ್ಲ ಎನಿಸಿಬಿಟ್ಟಿತು ನನಗೆ.

"ತಡೀರಿ, ಅದನ್ನ ತಳ್ಬೇಡಿ. ಕಾರು ಕೊಡೋದಿಲ್ಲ" ಎಂದುಬಿಟ್ಟೆ. ಅವರು ನನ್ನ ಮುಖ ನೋಡಿದರು, ಇವರ ಮುಖ ನೋಡಿದರು, ಬೇಜಾರು ಮಾಡಿಕೊಳ್ಳದೆ ಇಳಿದು ಹೋದರು.

ನೀನು ಹೇಳಿದ್ದನ್ನು ನಾನು ಮಾಡಲಿಲ್ಲ. ಬೈಯುವುದಿದ್ದರೆ ಬಂದು ಬೈ. ಮಾರಲೇಬೇಕೆಂದರೆ ಆ ಕೊಳ್ಳುವವರ ಮನೆ ಊರಾಚೆ ಇದೆ, ನೀನೇ ಓಡಿಸಿಕೊಂಡು ಹೋಗಿ ಕೊಟ್ಟು ಬಾ. ನಾನೂ ಬರುತ್ತೇನೆ. ಆ ಬಾಗಿಲ ಪಕ್ಕದಲ್ಲೇ ಕೂರುತ್ತೇನೆ.

ನಿನ್ನ ಕೈಕಾಲಿಗೆ ಮೊದಲಿನ ಧೈರ್ಯ ಮರಳಿ ಬರಲಿ. ನಿನ್ನ ದಾರಿ ನೋಡುತ್ತಿರುವ

ತಂಗಿ