ಅಪ್ಪ ಹಳ್ಳಕ್ಕಿಳಿದ ಬೆಳಗು

ಅವ್ವಾ,

ಅಕ್ಕಲಕೋಟದಾಚೆಯ ಅಡವಿಯಲ್ಲಿ, ಮುತ್ತಜ್ಜರ ಕಾಲದಿಂದಲೂ ಕುರಿಗಾರರು ಬೀಡುಬಿಡುವ ಹಳ್ಳದ ದಂಡೆಯಲ್ಲಿ ನಿನ್ನೆ ಡೇರೆ ಹಾಕಿದೆವು. ನೀನೂ ಅಪ್ಪನೂ ಕುರಿ ತರುಬಿ ರಾತ್ರಿ ಕಳೆಯುತ್ತಿದ್ದ ಜಾಗವೇ. ಡೇರೆ ನೋಡಿ ಅಪ್ಪ, "ಇದರಾಗ ಕುರಿಮರಿನೂ ಮಲಗಂಗಿಲ್ಲ" ಎಂದು ಹೊರಗೇ ಕಂಬಳಿ ಹಾಸಿದ. ನೀನು ತೀರಿಹೋದ ಮೇಲೆ ಅವನು ಆಡಿದ ಮೊದಲ ತಮಾಷೆ ಅದು.

ಬೆಳಗ್ಗೆ ನಾನು ಚಹಾ ಕಾಸುತ್ತಿದ್ದಾಗ ಅಪ್ಪ ಧೋತರ ಎತ್ತಿ ಕಟ್ಟಿ ಹಳ್ಳಕ್ಕಿಳಿದ. ಮೊಳಕಾಲುದ್ದ ನೀರಿನಲ್ಲಿ ನಿಂತು, ನಗುತ್ತ, "ಏ ಮಾಯವ್ವಾ, ಬಾ, ನೀರ ಎಷ್ಟ ತಂಪ ಅದ ನೋಡ!" ಎಂದು ಕೂಗಿದ. ಕೂಗಿದ್ದು ನಿನ್ನ ಹೆಸರನ್ನು ಎಂದು ಆಮೇಲೆ ಅರಿವಾಗಿ, ನಗು ನಿಲ್ಲಿಸಿ ನೀರನ್ನೇ ನೋಡತೊಡಗಿದ.

"ನಾ ಬಂದೆ ಮುತ್ಯಾ!" ಎನ್ನುತ್ತ ನಿನ್ನ ಮೊಮ್ಮಗಳು ಆರೋಹಿ ದಂಡೆಯಿಂದ ಜಿಗಿದಳು. ಅಪ್ಪ ತಲೆಯಿಂದ ಕಾಲಿನವರೆಗೆ ತೊಯ್ದು ಮತ್ತೆ ನಕ್ಕ. ನಾನೂ ಒಲೆ ಬಿಟ್ಟು ಸೀರೆಯಲ್ಲೇ ಇಳಿದೆ. ಬಿಸಿಲು ಏರಿದರೂ ಅಪ್ಪ ಮೇಲೆ ಬರಲು ಒಪ್ಪಲಿಲ್ಲ.

ನಿನ್ನ ಸಪ್ನಾ