ಒಂದೇ ಮೈ, ಎರಡು ಮನೆ

ಫೆಬ್ರವರಿ 30, 2187
ಹುಬ್ಬಳ್ಳಿ

ನನಗಿಂತ ಬಹಳ ಮೊದಲು ಬದುಕಿರುವವರೇ,

ಮೇಲಿನ ತಾರೀಖು ಕೈತಪ್ಪಿ ಬರೆದದ್ದಲ್ಲ. ನಮ್ಮ ಕಾಲದಲ್ಲಿ ಕ್ಯಾಲೆಂಡರ್ ತಿದ್ದಿದವರು ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಇನ್ನೂ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆಯನ್ನು ನಾವು ಹಿಂದಂಚೆ ಎನ್ನುತ್ತೇವೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರದ ಅವಕಾಶ. ಹೆಚ್ಚಿನವರು ತಮ್ಮ ಮುತ್ತಜ್ಜನಿಗೋ ಮುತ್ತಜ್ಜಿಗೋ ಬರೆಯುತ್ತಾರೆ. ತೂಕ ಇಳಿಸಲೆಂದು ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಅಂದುಕೊಂಡಷ್ಟು ಇಳಿಯದೆ, ಮನೆಯವರ ಮುಖ ನೋಡಲು ಹಿಂಜರಿಯುತ್ತಿರುವ ನಿಮ್ಮ ಕಾಲದ ಯಾರಿಗಾದರೂ ಈ ಪತ್ರ ಸಿಗಲಿ ಎಂಬುದು ನನ್ನ ಆಸೆ.

ನೀವು ಹೊಟ್ಟೆಯನ್ನು ಕೊಯ್ದು ಚಿಕ್ಕದು ಮಾಡುತ್ತಿದ್ದಿರಂತೆ. ನಮ್ಮಲ್ಲಿ ಬಾಯಿಂದ ತೆಳುವಾದ ಕೊಳವೆ ಇಳಿಸಿ ಜಠರವನ್ನು ಒಳಗಿನಿಂದಲೇ ಮಡಚಿ ಹೊಲಿಯುತ್ತಾರೆ. ಇದಕ್ಕೆ ಮಡಿಕೆ ಎಂದು ಹೆಸರು. ಬೆಳಗ್ಗೆ ಹೋದರೆ ಸಂಜೆಗೆ ಮನೆ ಸೇರಬಹುದು. ಆಮೇಲೆ ಅಂಗೈಯಷ್ಟು ಅಗಲದ ತಟ್ಟೆಯಲ್ಲಿ ಊಟ, ದಿನಾ ಜೀವಸತ್ವದ ಮಾತ್ರೆ, ತಿಂಗಳಿಗೊಮ್ಮೆ ಓಣಿಯ ತೂಗುಮನೆಗೆ ಭೇಟಿ. ತೂಗುಮನೆಯೆಂದರೆ ತೂಕ ನೋಡುವ ಸಾರ್ವಜನಿಕ ಕೋಣೆ. ಅಲ್ಲಿನ ಕುರ್ಚಿಯಲ್ಲಿ ಕೂತವರ ತೂಕ ಇಳಿದಿದ್ದರೆ ಕುರ್ಚಿ ಒಂದು ಸಣ್ಣ ರಾಗ ನುಡಿಸುತ್ತದೆ. ಇಳಿಯದಿದ್ದರೆ ಸುಮ್ಮನಿರುತ್ತದೆ. ಸರದಿಯಲ್ಲಿ ಕಾಯುವವರಿಗೆಲ್ಲ ಆ ಮೌನ ಕೇಳಿಸುತ್ತದೆ.

ನನ್ನ ಹೆಸರು ನೀಲಾಂಬಿಕಾ. ಗಂಗಾಂಬಿಕಾ ನನ್ನ ಅವಳಿ ಅಕ್ಕ. ನಮ್ಮದು ಒಂದೇ ಮೂಗು, ಒಂದೇ ದನಿ; ಚಿಕ್ಕಂದಿನಲ್ಲಿ ಅಪ್ಪನೂ ಒಬ್ಬಳನ್ನು ಕರೆದು ಇನ್ನೊಬ್ಬಳನ್ನು ಬೈಯುತ್ತಿದ್ದ. ನಡುವಯಸ್ಸಿಗೆ ಬರುವಷ್ಟರಲ್ಲಿ ಇಬ್ಬರ ಮಂಡಿಗಳೂ ನಮ್ಮನ್ನು ಹೊರಲಾರೆವೆಂದು ಹಟ ಹಿಡಿದವು. ಇಬ್ಬರೂ ಒಂದೇ ದಿನ, ಒಬ್ಬರೇ ಡಾಕ್ಟರ ಕೈಯಲ್ಲಿ ಮಡಿಕೆ ಮಾಡಿಸಿಕೊಂಡೆವು. ಗಂಗಾಳದು ನೆರಳುಬೀದಿಯ ಕೆಲಸ. ಈಗಿನ ಬಿಸಿಲಿಗೆ ನಮ್ಮ ಬೀದಿಗಳ ಮೇಲೆಲ್ಲ ಬಳ್ಳಿಯ ಚಪ್ಪರ ಹಬ್ಬಿಸಿದ್ದಾರೆ. ಅವಳು ಏಣಿ ಹತ್ತಿ ಇಳಿದು ಆ ಬಳ್ಳಿಗಳನ್ನು ಕಟ್ಟುತ್ತಾಳೆ, ಸವರುತ್ತಾಳೆ. ಅವಳ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಕೂಡಿ ಉಂಡುಬಿಡುತ್ತಾರೆ. ನಾನು ಊರಿಗೆ ನೀರು ಬಿಡುವ ನೀರುಮನೆಯಲ್ಲಿ ಕೂತು ಮಾಪಕಗಳ ಮುಳ್ಳುಗಳನ್ನು ನೋಡುವವಳು. ಗಂಡ ಶಿವಯೋಗಿ ಸರಕು ರೈಲಿನ ಚಾಲಕ, ಮನೆಯಲ್ಲಿರುವುದೇ ಅಪರೂಪ. ಅತ್ತೆ ಕಲ್ಲವ್ವನಿಗೆ ನೆನಪು ಹೋಗಿದೆ. ರಾತ್ರಿ ಮತ್ತೆ ಮತ್ತೆ ನಿದ್ದೆಯಿಂದ ಎದ್ದು ತಮ್ಮ ತಾಯಿಯನ್ನು ಹುಡುಕುತ್ತಾರೆ. ಅವರನ್ನು ಸಮಾಧಾನಪಡಿಸುವುದು, ಉಣಿಸುವುದು, ಮತ್ತೆ ಮಲಗಿಸುವುದು ನನ್ನ ಪಾಲಿಗಿತ್ತು. ಅದನ್ನು ಕಷ್ಟವೆಂದು ಎಣಿಸಿರಲಿಲ್ಲ, ಅವರು ನನ್ನನ್ನು ಮಗಳಂತೆ ನೋಡಿಕೊಂಡವರು.

ಮೊದಲ ಕೆಲವು ತಿಂಗಳು ಕುರ್ಚಿ ಇಬ್ಬರಿಗೂ ರಾಗ ನುಡಿಸಿತು. ಆಮೇಲೆ ಗಂಗಾಳಿಗೆ ಮಾತ್ರ. ಅವಳು ಕುಪ್ಪಸಗಳನ್ನು ಮತ್ತೆ ಮತ್ತೆ ಬಿಚ್ಚಿಸಿ ಚಿಕ್ಕದಾಗಿ ಹೊಲಿಸಿಕೊಂಡಳು. ನನ್ನವು ಹಾಗೇ ಇದ್ದವು. ಅಂಗೈ ತಟ್ಟೆಗಿಂತ ಒಂದು ತುತ್ತೂ ಹೆಚ್ಚು ನಾನು ಬಡಿಸಿಕೊಂಡಿರಲಿಲ್ಲ. ಒಂದು ಭಾನುವಾರ ಅವಳ ಮನೆಯಲ್ಲಿ ಊಟಕ್ಕೆ ಕೂತಾಗ ಎಲ್ಲರೆದುರು, ಸಿಟ್ಟಿಲ್ಲದೆ, ಮರುಕದಿಂದಲೇ ಕೇಳಿದಳು.

"ಕದ್ದು ತಿನ್ನಾಕತ್ತೀ ಏನ ನೀಲಾ? ಖರೇ ಹೇಳು. ನಮ್ಮಿಬ್ಬರ ಮೈ ಒಂದ ಐತಿ. ನನಗ ಇಳದದ್ದು ನಿನಗ್ಯಾಕ ಇಳೀವಲ್ದು?"

ಸಿಟ್ಟಿನಿಂದ ಕೇಳಿದ್ದರೆ ಜಗಳವಾಡಬಹುದಿತ್ತು. ನಾನು ಕೈ ತೊಳೆದುಕೊಂಡು ಎದ್ದು ಬಂದೆ. ತೂಗುಮನೆಗೆ ಹೋಗುವುದನ್ನು ಬಿಟ್ಟೆ. ನಿಜವಾಗಿಯೂ ತಿನ್ನುತ್ತಿಲ್ಲವೆಂದು ತೋರಿಸಬೇಕೆನಿಸಿ ಊಟವನ್ನೂ ಬಿಡುತ್ತ ಬಂದೆ. ಮಜ್ಜಿಗೆಯಲ್ಲೇ ದಿನ ಕಳೆಯತೊಡಗಿದೆ. ಜೀವಸತ್ವದ ಮಾತ್ರೆ ನುಂಗಿದರೆ ವಾಂತಿಯಾಗುತ್ತಿತ್ತು, ಅದನ್ನೂ ಬಿಟ್ಟೆ. ಪಾದಗಳು ಮರಗಟ್ಟಿದವು. ಒಂದು ಮಧ್ಯಾಹ್ನ ನೀರುಮನೆಯಲ್ಲಿ ಒಂದೊಂದು ಮುಳ್ಳೂ ಎರಡೆರಡಾಗಿ ಕಂಡಿತು. ಎದ್ದು ನಿಲ್ಲಲು ಹೋಗಿ ಬಿದ್ದೆ.

ಆಸ್ಪತ್ರೆಯಲ್ಲಿ ನನ್ನನ್ನು ನೋಡಿದವರು ಡಾಕ್ಟರ್ ಫೈರೋಜಾ ಕಿತ್ತೂರ. ಹೊಟ್ಟೆಗಿಲ್ಲದೆ ಒಂದು ಜೀವಸತ್ವ ಬರಿದಾಗಿ ನರಗಳಿಗೆ ಪೆಟ್ಟಾಗಿದೆ, ಇನ್ನು ಸ್ವಲ್ಪ ತಡವಾಗಿದ್ದರೆ ನಡಿಗೆಯೇ ಹೋಗುತ್ತಿತ್ತು ಎಂದರು. ಸೂಜಿಮದ್ದು ಶುರು ಮಾಡಿಸಿ, ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತರು. ಏನು ತಿನ್ನುತ್ತೀ ಎಂದು ಅವರು ಕೇಳಲಿಲ್ಲ. ಸಕ್ಕರೆ ಕಾಯಿಲೆ ಎಷ್ಟು ಹಳೆಯದು, ಇನ್ಸುಲಿನ್ ಇದೆಯೇ, ಉಬ್ಬಸಕ್ಕೆ ಯಾವ ಮಾತ್ರೆ, ನಿದ್ದೆ ಹೇಗೆ, ಕೆಲಸದಲ್ಲಿ ಓಡಾಟವಿದೆಯೇ, ಮನಸ್ಸಿಗೆ ಬೇಸರವಾದಾಗ ಯಾರೊಂದಿಗೆ ಮಾತಾಡುತ್ತೀ ಎಂದು ಕೇಳಿದರು. ನನಗೆ ಸಕ್ಕರೆ ಕಾಯಿಲೆ ಮೊದಲ ಹೆರಿಗೆಯಿಂದಲೇ ಇತ್ತು, ದಿನಾ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದೆ; ಗಂಗಾಳಿಗೆ ಆ ಕಾಯಿಲೆ ಇರಲಿಲ್ಲ. ಉಬ್ಬಸದ ಸ್ಟೀರಾಯ್ಡ್ ಮಾತ್ರೆ ನಾನು ವರ್ಷಗಳಿಂದ ನುಂಗುತ್ತಿದ್ದೆ. ಮಡಿಕೆ ಹೊಟ್ಟೆಯನ್ನು ಚಿಕ್ಕದು ಮಾಡುತ್ತದೆ, ಹಸಿವನ್ನು ಒಂದಿಷ್ಟು ತಗ್ಗಿಸುತ್ತದೆ, ಆದರೆ ಈ ಕಾಯಿಲೆ, ಈ ಮದ್ದುಗಳು, ಕೆಟ್ಟ ನಿದ್ದೆ, ಕೂತಲ್ಲೇ ಮಾಡುವ ಕೆಲಸ ಎಲ್ಲ ತೂಕವನ್ನು ಮೇಲಕ್ಕೆ ಜಗ್ಗುತ್ತಿರುತ್ತವೆ ಎಂದು ಅವರು ತಿಳಿಸಿ ಹೇಳಿದರು. ತಮಗೂ ತಿಳಿಯದ ಕಾರಣಗಳು ಇನ್ನೂ ಇವೆ ಎಂದೂ ಸೇರಿಸಿದರು.

ಬಾಗಿಲಲ್ಲಿ ನಿಂತಿದ್ದ ಗಂಗಾ ಇದನ್ನೆಲ್ಲ ಕೇಳಿದಳು, ಆದರೆ ಪೂರ್ತಿ ನಂಬಲಿಲ್ಲ. ನನ್ನ ಕಾಲು ಸರಿಯಾಗುವವರೆಗೆ ನಮ್ಮ ಮನೆಯಲ್ಲೇ ಉಳಿದಳು. ಕಲ್ಲವ್ವ ಅವಳನ್ನೇ ನಾನೆಂದು ತಿಳಿದು ಕೈ ಹಿಡಿದುಕೊಂಡರು. ಅಕ್ಕ ಅವರಿಗೆ ಉಣಿಸಿದಳು, ರಾತ್ರಿಯೆಲ್ಲ ಅವರೊಂದಿಗೆ ಎದ್ದಳು, ಅವರೊಂದಿಗೆ ಮಲಗಿದಳು. ಬಳ್ಳಿಗಳ ಕೆಲಸಕ್ಕೆ ರಜೆ ಹಾಕಿದ್ದಳು. ಹೊತ್ತು ಸಿಕ್ಕಾಗ ಒಲೆಯ ಮುಂದೆ ನಿಂತೇ ಅಂಗೈ ತಟ್ಟೆಯ ಊಟ ಮುಗಿಸುತ್ತಿದ್ದಳು. ಮಳೆಗಾಲ ಹೀಗೇ ಕಳೆಯಿತು. ಒಂದು ಬೆಳಗ್ಗೆ ತೂಗುಮನೆಗೆ ಹೋಗಿ ಬಂದವಳು ಚಪ್ಪಲಿಯನ್ನೂ ಬಿಡದೆ ನನ್ನ ಮಂಚದ ತುದಿಯಲ್ಲಿ ಕೂತಳು. ಕುಪ್ಪಸದ ತೋಳು ಬಿಗಿಯಾಗಿತ್ತು.

"ಕುರ್ಚಿ ಸುಮ್ಮನ ಕುಂತಿತ್ತು, ನೀಲಾ. ತೂಕ ಏರೇತಿ. ನಾ ಏನೂ ಹೆಚ್ಚಿಗಿ ತಿಂದಿಲ್ಲ. ಆಣಿ ಮಾಡಿ ಹೇಳ್ತೀನಿ."

"ಗೊತ್ತೈತಿ," ಅಂದೆ.

ಅವಳು ನನ್ನ ಪಾದಗಳನ್ನು ಮಡಿಲಿಗೆ ಎಳೆದುಕೊಂಡಳು. ಅವಳ ಕೈ ಬೆಚ್ಚಗಿರುವುದು ನನಗೆ ಆಗ ಸ್ವಲ್ಪ ಸ್ವಲ್ಪ ತಿಳಿಯುತ್ತಿತ್ತು. ಅವಳು ಅತ್ತಳು. ನಾನು ಅಳಲಿಲ್ಲ, ಅವಳ ಬೆನ್ನು ಸವರಿದೆ.

ಆ ವಾರವೇ ಅವಳು ಶಿವಯೋಗಿಯನ್ನು ಕೂರಿಸಿಕೊಂಡು ಮಾತಾಡಿದಳು. ಅವನು ಹತ್ತಿರದ ಮಾರ್ಗ ಕೇಳಿ ಪಡೆದ. ಈಗ ವಾರದಲ್ಲಿ ಅರ್ಧದಷ್ಟು ರಾತ್ರಿ ತಾಯಿಯ ಜೊತೆ ಏಳುವವನು ಅವನೇ. ಫೈರೋಜಾ ಅವರು ಉಬ್ಬಸಕ್ಕೆ ಎಳೆದುಕೊಳ್ಳುವ ಮದ್ದು ಕೊಟ್ಟು, ಸ್ಟೀರಾಯ್ಡ್ ಮಾತ್ರೆಯನ್ನು ನಿಧಾನವಾಗಿ ಬಿಡಿಸಿದರು. ಸಂಜೆ ಗಂಗಾಳ ಜೊತೆ ಬಳ್ಳಿಚಪ್ಪರದ ಕೆಳಗೆ ನಡೆಯುತ್ತೇನೆ. ತೂಕ ಇಳಿಯಿತು, ಅಕ್ಕನಷ್ಟು ಅಲ್ಲ. ಅವಳಷ್ಟು ಎಂದೂ ಇಳಿಯಲಾರದು ಎಂದು ಡಾಕ್ಟರು ನೇರವಾಗಿಯೇ ಹೇಳಿದ್ದಾರೆ. ಎಡಗಾಲಿನ ಎರಡು ಬೆರಳಿಗೆ ಇನ್ನೂ ಸ್ಪರ್ಶ ಬಂದಿಲ್ಲ. ಆದರೆ ಮಂಡಿ ನೋಯುವುದಿಲ್ಲ, ಇನ್ಸುಲಿನ್ ಅರ್ಧಕ್ಕೆ ಇಳಿದಿದೆ, ಮೆಟ್ಟಿಲು ಹತ್ತುತ್ತೇನೆ.

ನಿಮ್ಮಲ್ಲಿ ಒಂದು ಬೇಡಿಕೆ. ಇಂಥ ಶಸ್ತ್ರಚಿಕಿತ್ಸೆಯಾದವರು ನಿಮ್ಮ ಮನೆಯಲ್ಲಿದ್ದರೆ, ಅವರ ಮೈ ನಿಧಾನಿಸಿದಾಗ ಅವರ ನಾಲಗೆಯನ್ನು ಅನುಮಾನಿಸಬೇಡಿ. ಅವರ ದಿನವನ್ನು ಕೆಲವು ದಿನ ನೀವು ಬದುಕಿ ನೋಡಿ. ಆ ಮೈ ನಿಮ್ಮದೇ ಆಗಿದ್ದರೆ, ನೀವು ಹಸಿದೇ ಸಾಯುವುದಕ್ಕೆ ಹೊರಡಬೇಡಿ. ಯಾರಿಗೂ ಏನನ್ನೂ ರುಜುವಾತು ಮಾಡಬೇಕಾಗಿಲ್ಲ.

ಇಲ್ಲಿ ಊಟದ ಹೊತ್ತಾಯಿತು. ಶಿವಯೋಗಿ ಕರೆಯುತ್ತಿದ್ದಾನೆ. ನನಗೆ ಹಸಿವಾಗಿದೆ, ಅದನ್ನು ಹೇಳಲು ಈಗ ನಾಚಿಕೆಯಿಲ್ಲ. ಬರಲೇ?

ನಿಮ್ಮವಳೇ ಆದ,
ನೀಲಾಂಬಿಕಾ