ಯಾರು ಮಾಡಿದರು: ಗೊತ್ತಿಲ್ಲ

ಮಾರ್ಚ್ 3, ಸೋಮವಾರ. ಗುಲು, ಲಾ ಕಾಲೇಜು ಹಾಸ್ಟೆಲ್

ಅಸೈನ್‌ಮೆಂಟ್: ಅಂತರರಾಷ್ಟ್ರೀಯ ಕೋರ್ಟಿನಿಂದ ನೊಂದವರಿಗೆ ನ್ಯಾಯ ಸಿಗುತ್ತದೆಯೆ? 'ಹೌದು' ಅಂತ ಶುರುಮಾಡಿ ಹೊಡೆದುಹಾಕಿದೆ. 'ಇಲ್ಲ' ಅಂತ ಬರೆದೆ. ಅದನ್ನೂ...

ಶನಿವಾರ ಊರಿಗೆ. ಹೇಗ್ ಕೋರ್ಟಿಗೆ ನೊಂದವರ ಫಾರಂ ತುಂಬಿಕೊಡುವ ವಾಲಂಟಿಯರ್ ಕೆಲಸ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಹೇಳಬಾರದು — ಸಹಿ ಹಾಕಿಸಿಕೊಂಡಿದ್ದಾರೆ.

ಮಾರ್ಚ್ 8, ಬೆಳಿಗ್ಗೆ

ಮೊದಲು ಒಲಾನ್ಯ ಚಿಕ್ಕಪ್ಪನದು. ಹತ್ತನೇ ವಯಸ್ಸಿನಲ್ಲಿ ಬಂಡುಕೋರರು ಹೊತ್ತೊಯ್ದಿದ್ದರು, ಅಷ್ಟು ಗೊತ್ತಿತ್ತು. 'ನಿಮಗಾದ ಹಾನಿ' ಕಾಲಂ ಓದಿದೆ.

"ಆದದ್ದಕ್ಕೆ ಮಾತ್ರಾನಾ? ಮಾಡಿದ್ದಕ್ಕೆ ಕಾಲಂ ಇಲ್ವೇನೇ?"

ನಕ್ಕೆ. ಅವನು ನಗಲಿಲ್ಲ. ಜೊತೆಗೇ ಒಯ್ದಿದ್ದ ಪಕ್ಕದ ಮನೆ ಲಕೋತ್ ಅಜ್ಜಿಯ ಮಗ ತಪ್ಪಿಸಿಕೊಂಡು ಓಡಿದನಂತೆ. ಹಿಡಿದು ತಂದರಂತೆ. ದೊಣ್ಣೆ ಚಿಕ್ಕಪ್ಪನ ಕೈಗೆ ಕೊಟ್ಟರಂತೆ.

"ಹೊಡೀದಿದ್ರೆ ನನ್ನೇ ಮಲಗಿಸ್ತಿದ್ರು. ಹೇಳು ಲಾಯರಮ್ಮ, ಆ ಕೋರ್ಟು ನನ್ನ ಹಿಡ್ಕೊಂಡು ಹೋಗುತ್ತಾ?"

ಇಲ್ಲ. ಆಗ ಹದಿನೆಂಟು ತುಂಬದವರ ಮೇಲೆ ಅಲ್ಲಿ ಕೇಸಿಲ್ಲ — ಬಾಯಿಪಾಠ ಮಾಡಿದ್ದೆ, ಹೇಳಿದೆ. ಖುಷಿಪಡುತ್ತಾನೆ ಅಂದುಕೊಂಡೆ.

"ಹಂಗಾದ್ರೆ ನನ್ನ ಯಾರು ಕೇಳ್ತಾರೆ?"

ಮಧ್ಯಾಹ್ನ

ಲಕೋತ್ ಅಜ್ಜಿ. ಬಂಡುಕೋರರ ಕಮಾಂಡರಿಗೆ ಹೇಗ್‌ನಲ್ಲಿ ಶಿಕ್ಷೆಯಾಯಿತಲ್ಲ ಅಂದೆ.

"ರೇಡಿಯೋದಲ್ಲಿ ಕೇಳ್ದೆ ಕಣೇ. ನನಗೆ ನನ್ನ ಮಗನ್ನ ಹೊಡೆದು ಕೊಂದವನು ಬೇಕು. ಜೈಲಿಗಲ್ಲ. ಎದುರು ಕೂತು ನಿಜ ಹೇಳ್ಲಿ, ರಾಜಿಗೆ ಅಂತ ಕಹಿಬೇರಿನ ನೀರು ಕುಡೀಲಿ. ನಾನೂ ಕುಡೀತೀನಿ. ಅಲ್ಲಿಗೆ ಮುಗೀತು."

ಯಾರು ಮಾಡಿದರು ಅನ್ನುವ ಕಾಲಂ. "ಗೊತ್ತಿಲ್ಲ ಅಂತ ಬರಿ." ಬರೆದೆ. ನನ್ನ ಕೈಯಾರೆ.

ಮಾರ್ಚ್ 22

ಅಜ್ಜಿಯ ಹೆಬ್ಬೆಟ್ಟು ಬಾಕಿ ಇತ್ತು. ಒತ್ತಿಸಿಕೊಂಡು ಏಳುವಾಗ ರಾಗಿಮುದ್ದೆ, ಶೇಂಗಾ ಹಾಕಿದ ಸೊಪ್ಪು ಮುಂದಿಟ್ಟಳು.

ಕೊಂದವರ ಕುಲ, ಸತ್ತವರ ಕುಲ ಒಂದೇ ಗಡಿಗೆಯದನ್ನು ಉಣ್ಣಬಾರದು — ಕಹಿಬೇರು ಕುಡಿದು ರಾಜಿಯಾಗುವ ತನಕ. ನಮ್ಮವರ ನಂಬಿಕೆ. ಉಂಡರೆ ಮಕ್ಕಳು ಸಾಯುತ್ತವೆ. ನಾನು ಹಾಸ್ಟೆಲಿನಲ್ಲಿ ಬೆಳೆದವಳು, ನಂಬುವುದಿಲ್ಲ. ಅಂಗಳದಲ್ಲಿ ಅವಳ ಮೊಮ್ಮಗು ಆಡುತ್ತಿತ್ತು. ಕೈ ಮುಂದೆ ಹೋಗಲಿಲ್ಲ.

"ಹೊಟ್ಟೆ ತುಂಬಿದೆ ಅಜ್ಜಿ."

"ಹಾಸ್ಟೆಲ್ ಹುಡುಗಿಗೆ ಹೊಟ್ಟೆ ತುಂಬೋದುಂಟಾ!" ನಕ್ಕಳು. "ನಿನ್ ಚಿಕ್ಕಪ್ಪಾನೂ ಹಿಂಗೇ. ಬಂದಾಗೆಲ್ಲ ಹೊಟ್ಟೆ ತುಂ—"

ನಿಂತಳು. ಮುದ್ದೆ ನೋಡಿದಳು. ನನ್ನನ್ನು ನೋಡಿದಳು.

ನಾನೇನೂ ಹೇಳಿಲ್ಲ. ನಿಜವಾಗಿಯೂ ಹೇಳಿಲ್ಲ. ಹೇಳಿದ ಹಾಗೇ ಆಯಿತಾ? ಸಹಿ ಮುರಿದೆನಾ?

ಸಂಜೆ 5

ಅಜ್ಜಿ ನಮ್ಮ ಬಾಗಿಲಲ್ಲಿ. ಕೈಯಲ್ಲಿ ಅದೇ ತಟ್ಟೆ.

"ನೀನು ಹೇಳಿದ್ಯಾ?" ಚಿಕ್ಕಪ್ಪ ಪಿಸುಗುಟ್ಟಿದ. ತಲೆ ಅಲ್ಲಾಡಿಸಿದೆ — ಹೌದು ಅಂತಲೋ, ಇಲ್ಲ ಅಂತಲೋ.

"ಒಲಾನ್ಯ," ಅಂದಳು. "ಉಣ್ತೀಯೇನಪ್ಪಾ?"

ಅವನು ತಟ್ಟೆ ಮುಟ್ಟಲಿಲ್ಲ. ಅವಳೆದುರು ನೆಲದ ಮೇಲೆ ಕೂತು, "ಅಮ್ಮಾ, ಅವತ್ತು ದೊಣ್ಣೆ ನನ್ನ ಕೈಲಿತ್ತು," ಅಂದ.